ಹೂಡಿಗೂ ಮುಂಚೆ ಕೊಪ್ಪೆ ಇತ್ತು

ಹೂಡಿ ಹಾಕ್ಕೊಂಡಿರೋರು ಒಂದ್ಸಲ ಕೈ ಎತ್ತಿ. ನೋಡಿ, ಹೊರಗಡೆ ಹೈದರಾಬಾದ್ ಬಿಸಿಲು, ಒಳಗಡೆ ಏಸಿಗೆ ಅರ್ಧ ಹಾಲ್ ಹೂಡಿಯಲ್ಲಿದೆ! ಈಗ ಲೇಬಲ್ ಓದಿ. ಪಾಲಿಯೆಸ್ಟರ್ ಅಂತಲೋ ಅಕ್ರಿಲಿಕ್ ಅಂತಲೋ ಇದ್ರೆ, ಅದು ಪೆಟ್ರೋಲಿಯಂನಿಂದ ಬಂದ ನೂಲು.

ನಾನು ಹೆಣಿಗೆ ಉಡುಪುಗಳ ಡಿಸೈನರ್. ಊರು ಚಳ್ಳಕೆರೆ ಕಡೆ. ನಮ್ಮಲ್ಲಿ ಮಳೆ ಬಂದ್ರೆ ಕುರಿ ಕಾಯೋರು ಕಂಬಳಿ ಮಡಚಿ ಕೊಪ್ಪೆ ಮಾಡಿ ತಲೆಗೆ ಹಾಕ್ಕೋತಿದ್ರು. ಹೊಲಿಗೆ ಇಲ್ಲ, ಜಿಪ್ ಇಲ್ಲ. ಆಮೇಲೆ ನನಗೆ ಮೆಟಲ್ ಸಂಗೀತದ ಹುಚ್ಚು ಹಿಡೀತು. 2007ರಲ್ಲಿ ಐರನ್ ಮೇಡನ್ ಬೆಂಗಳೂರು ಅರಮನೆ ಮೈದಾನಕ್ಕೆ ಬಂದಾಗ ಎಲ್ಲಿ ನೋಡಿದ್ರೂ ಕಪ್ಪು ಬಟ್ಟೆ. ಆ ಕಪ್ಪನ್ನೂ ಈ ಕೊಪ್ಪೆಯನ್ನೂ ಸೇರಿಸಿದ್ದೇ ನನ್ನ ಜಾಕೆಟ್.

ಇದಕ್ಕೆ ಉಣ್ಣೆ ಸಿಕ್ಕಿದ್ದು ಇಲ್ಲೇ, ನಾರಾಯಣಪೇಟೆ ಕಡೆ. ಅಲ್ಲಿ ಕಂಬಳಿಗೆ ಗೊಂಗಡಿ ಅಂತಾರೆ. ನಮ್ಮ ಕುರುಬರಂತೆ ಅವರು ಕುರುಮರು. ದೇವರು ಅದೇ ಬೀರಪ್ಪ, ಕುರಿ ಅದೇ ದಖ್ಖನಿ. ಹೆಂಗಸರು ಉಣ್ಣೆ ಹಿಂಜಿ ನೂಲು ತೆಗೀತಾರೆ, ಗಂಡಸರು ಹುಣಸೆ ಬೀಜದ ಗಂಜಿ ಹಾಕಿ ನೇಯ್ತಾರೆ. ನಾನು ಆ ನೂಲನ್ನೇ ಎರಡೆಳೆ ಹುರಿ ಮಾಡಿ ಹೆಣೀತೀನಿ. ಕಪ್ಪು ಕುರಿಯ ಉಣ್ಣೆಗೆ ಬಣ್ಣವೇ ಬೇಡ.

ಆದ್ರೆ ಆ ಕುರಿ ಕಡಿಮೆಯಾಗ್ತಿದೆ. 2017ರಲ್ಲಿ ತೆಲಂಗಾಣ ಸರ್ಕಾರ 75% ಸಬ್ಸಿಡಿಯಲ್ಲಿ 20 ಹೆಣ್ಣು ಕುರಿ, ಒಂದು ಟಗರು ಕೊಡೋ ಯೋಜನೆ ತಂತು. ಆಂಧ್ರದಿಂದ ನೆಲ್ಲೂರು ಜಾತಿಯ ಕುರಿಗಳೂ ಬಂದವು. ಅವು ಮಾಂಸಕ್ಕೆ ಒಳ್ಳೇವು, ಉಣ್ಣೆ ಮಾತ್ರ ಇಲ್ಲವೇ ಇಲ್ಲ ಅನ್ನಬಹುದು. ಕುರಿ ಸಾಕೋರನ್ನ ದೂರೋ ಹಾಗಿಲ್ಲ, ಮನೆ ನಡೆಯೋದು ಮಾಂಸದ ದುಡ್ಡಲ್ಲಿ. ಉಣ್ಣೆ ಕತ್ತರಿಸಿದ ಕೂಲಿಯೂ ಹುಟ್ಟದಿದ್ರೆ ಅದು ಬೇಲಿ ಪಾಲು.

"ಚುಚ್ಚುತ್ತೆ ಮೇಡಂ, ಅಕ್ರಿಲಿಕ್ ಮಿಕ್ಸ್ ಮಾಡಿ" ಅಂತ ಕೊಳ್ಳೋರು ಹೇಳ್ತಾರೆ. ಚುಚ್ಚೋದು ನಿಜ. ಮೆರಿನೊ ಎಳೆ ಸುಮಾರು 20 ಮೈಕ್ರಾನ್. ನಮ್ಮದು ಅದರ ಹೆಚ್ಚುಕಮ್ಮಿ ಎರಡರಷ್ಟು ದಪ್ಪ. ಮಿಕ್ಸ್ ಮಾಡಿದ್ರೆ ಜಾಸ್ತಿ ಮಾರಾಟ ಆಗುತ್ತೆ, ಆದ್ರೆ ನೂಲೋರ ಕೆಲಸ ಅರ್ಧ ಆಗುತ್ತೆ. ಅದಕ್ಕೇ ಉಣ್ಣೆ ಬದಲಿಸಲ್ಲ, ಉಡುಪು ಬದಲಿಸ್ತೀನಿ. ಮೈಗೆ ತಾಗೋ ಸ್ವೆಟರ್ ಬೇಡ. ಶರ್ಟ್ ಮೇಲೆ ಹಾಕೋ ಜಾಕೆಟ್, ಚೀಲ, ಲ್ಯಾಪ್‌ಟಾಪ್ ಕವರ್ ಸಾಕು. ಕುತ್ತಿಗೆ ಹತ್ರ ಮಾತ್ರ ಮರಿಯ ಮೊದಲ ಕತ್ತರಿಯ ಉಣ್ಣೆ, ಅದು ಮೆತ್ತಗಿರುತ್ತೆ.

ನನಗೆ ನೂಲು ಕೊಡೋ ಅಜ್ಜಿ ಹೋದ ತಿಂಗಳು ಕೇಳಿದ್ರು: "ಮುಂದಿನ ಸಲ ಎಷ್ಟು ಕೆಜಿ ಬೇಕಮ್ಮ? ಈಗಲೇ ಹೇಳಿದ್ರೆ ಕಪ್ಪು ಕುರಿ ಮಾರಬೇಡ ಅಂತ ಮಗನಿಗೆ ಹೇಳ್ತೀನಿ."

ನಿಮ್ಮ ಟೀಮಿಗೆ ಈ ಸಲ ಹೂಡಿ ಮಾಡಿಸೋ ಮುಂಚೆ ಆ ಪ್ರಶ್ನೆ ನೆನಪಿಸ್ಕೊಳ್ಳಿ. ಇಪ್ಪತ್ತು ಲ್ಯಾಪ್‌ಟಾಪ್ ಕವರ್ ಅಂದ್ರೂ ಸಾಕು, ಅಜ್ಜಿಗೆ ಹೇಳೋಕೆ ನನ್ನ ಹತ್ರ ಒಂದು ಲೆಕ್ಕ ಇರುತ್ತೆ.