ಹದಿನೇಳರ ಹುಡುಗನ ಮನಸ್ಸನ್ನು ಯಾವ ಭಾಷೆಯಲ್ಲಿ ಅಳೆಯುವುದು?

ಕಾಸರಗೋಡಿನ ಪೈವಳಿಕೆಯಲ್ಲೋ ಎಣ್ಮಕಜೆಯಲ್ಲೋ ಹದಿನೇಳು ವರ್ಷದ ಹುಡುಗನೊಬ್ಬ ಇದ್ದಾನೆ ಅಂತಿಟ್ಟುಕೊಳ್ಳಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಲ್ಲಿ ಅಂಗಡಿಯಲ್ಲಿ ಮಲಯಾಳ. ತನ್ನದೇ ವಯಸ್ಸಿನ ಹುಡುಗಿಯ ಜೊತೆ ಪ್ರೀತಿ. ಮನೆಯವರಿಗೆ ಗೊತ್ತಾಗಿ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೋ ಕಾಯ್ದೆಯಡಿ ಕೇಸಾಯಿತು. ಮುಂದೇನು?

ಅವನನ್ನು ಲಾಕಪ್ಪಿಗೆ ಹಾಕುವಂತಿಲ್ಲ. 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಅಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು. ಮಂಡಳಿಯೇ ತೀರ್ಮಾನಿಸಿದರೆ ಹೆಚ್ಚೆಂದರೆ 3 ವರ್ಷ ವಿಶೇಷ ಗೃಹ.

2012ರ ದೆಹಲಿ ಸಾಮೂಹಿಕ ಅತ್ಯಾಚಾರ ಪ್ರಕರಣದಲ್ಲಿ ಹದಿನೇಳರ ಆರೋಪಿಗೆ ಸಿಕ್ಕಿದ್ದೂ ಆ 3 ವರ್ಷವೇ. ದೇಶ ಸಿಟ್ಟಿಗೆದ್ದಿತು, 2015ರಲ್ಲಿ ಹೊಸ ಬಾಲನ್ಯಾಯ ಕಾಯ್ದೆ ಬಂತು. ಕನಿಷ್ಠ ಶಿಕ್ಷೆಯೇ 7 ವರ್ಷ ಅಥವಾ ಹೆಚ್ಚಿರುವ ಅಪರಾಧವಾದರೆ, ಹದಿನಾರು ತುಂಬಿದವನನ್ನು ದೊಡ್ಡವರಂತೆ ವಿಚಾರಣೆಗೆ ಒಳಪಡಿಸಬಹುದು. ಮರಣದಂಡನೆ ಮಾತ್ರ ಇಲ್ಲ. ಬಿಡುಗಡೆಯ ಅವಕಾಶವೇ ಇಲ್ಲದ ಜೀವಾವಧಿಯೂ ಇಲ್ಲ. ಕ್ರೂರಿಗಳಿಗೆಂದು ಹೆಣೆದ ಈ ಬಲೆಗೆ ಪ್ರೀತಿಸಿದವನೂ ಬೀಳುತ್ತಾನೆ. ಯಾಕೆಂದರೆ 2019ರ ತಿದ್ದುಪಡಿಯ ನಂತರ ಪೋಕ್ಸೋದಲ್ಲಿ ದೈಹಿಕ ಸಂಬಂಧಕ್ಕೆ ಕನಿಷ್ಠ 10 ವರ್ಷ, ಹದಿನೆಂಟಾಗದ ಹುಡುಗಿಯ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆಯಿಲ್ಲ.

ದೊಡ್ಡವರ ವಿಚಾರಣೆಗೆ ಕಳಿಸುವ ಮೊದಲು ಮಂಡಳಿ ಪ್ರಾಥಮಿಕ ಮೌಲ್ಯಮಾಪನ ಮಾಡಬೇಕು. ಕೃತ್ಯ ಎಸಗುವಷ್ಟು ಮಾನಸಿಕ, ದೈಹಿಕ ಸಾಮರ್ಥ್ಯ ಇತ್ತೇ? ಪರಿಣಾಮ ಅರ್ಥವಾಗಿತ್ತೇ? ಯಾವ ಪರಿಸ್ಥಿತಿಯಲ್ಲಿ ನಡೆಯಿತು? ಸದಸ್ಯರಲ್ಲಿ ಮಕ್ಕಳ ಮನಶ್ಶಾಸ್ತ್ರ ಓದಿದವರು ಇಲ್ಲದಿದ್ದರೆ ತಜ್ಞರ ನೆರವು ಪಡೆಯಲೇಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ನಮ್ಮ ಗಡಿನಾಡಿನ ತೊಡಕು ಇಲ್ಲಿದೆ. ಮಂಡಳಿಯವರು ಮಲಯಾಳದಲ್ಲಿ ಕೇಳಿದರೆ, ಮೀನು ಕೊಳ್ಳಲು ಸಾಕಾಗುವ ಮಲಯಾಳದಲ್ಲಿ ಹುಡುಗ ತನ್ನ ಮನಸ್ಸನ್ನು ಬಿಡಿಸಿ ಹೇಳಬಲ್ಲನೇ? ಗಾಬರಿಯಲ್ಲಿ ಕೇಳಿದ್ದಕ್ಕೆಲ್ಲ "ಹೂಂ" ಅಂದರೆ, ಪರಿಣಾಮ ಗೊತ್ತಿತ್ತು ಎಂದು ಬರೆದುಕೊಳ್ಳಬಹುದಲ್ಲ! ಒಪ್ಪಿಗೆಯ ವಯಸ್ಸು ಹದಿನಾರಿರಲಿ, ಹದಿನೆಂಟಿರಲಿ ಎಂಬ ಚರ್ಚೆ ಟೀವಿಯಲ್ಲಿ ಬೇಕಾದಷ್ಟು ನಡೆದಿದೆ. ನನ್ನ ಕೇಳಿದರೆ, ಇಲ್ಲಿ ಮೊದಲು ಸರಿಯಾಗಬೇಕಾದ್ದು ಈ ಮಾತುಕತೆ. ಅದಕ್ಕೆ ಹೊಸ ಕಾನೂನೂ ಬೇಡ. 2015ರ ಕಾಯ್ದೆಯ 8ನೇ ಸೆಕ್ಷನ್ನಿನಲ್ಲೇ ಇದೆ: ಭಾಷೆ ಅರ್ಥವಾಗದ ಮಗುವಿಗೆ ಅರ್ಹ ದುಭಾಷಿಯನ್ನು ಮಂಡಳಿಯೇ ಒದಗಿಸಬೇಕು.

ಹಾಗಾಗಿ ಹೆತ್ತವರೇ, ದುಭಾಷಿ ಬೇಕೆಂದು ಮೊದಲ ದಿನವೇ ಬರೆದು ಕೊಡಿ. ವಕೀಲರಿಗೆ ದುಡ್ಡಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ಕೊಡುತ್ತದೆ. ಮೌಲ್ಯಮಾಪನದ ಆದೇಶ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ 30 ದಿನ. ಈ ಗಡುವನ್ನು 2024ರಲ್ಲಿ ಸುಪ್ರೀಂ ಕೋರ್ಟ್ ಗೊತ್ತುಮಾಡಿದ್ದು ಕರ್ನಾಟಕದ ಹುಡುಗನೊಬ್ಬನ ಪ್ರಕರಣದಲ್ಲೇ.