ಅಂಗಳದ ಗ್ಯಾರೇಜು, ಬಾವಿಯ ನೀರು

(ಮಂಗಳೂರಿನ ಪಂಪ್‌ವೆಲ್‌ನಲ್ಲಿ ಮಲೆನಾಡಿನ ಕೃಷಿಕರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಘಟ್ಟದಿಂದ ಮಂಗಳೂರಿಗೆ ಇಳಿಯುವ ಮುಖ್ಯ ದಾರಿಗಳಲ್ಲಿ ಎರಡು, ಚಾರ್ಮಾಡಿ ಮತ್ತು ಶಿರಾಡಿ. ಒಂದು ಕೊಟ್ಟಿಗೆಹಾರದಿಂದ ಇಳಿದರೆ ಇನ್ನೊಂದು ಸಕಲೇಶಪುರದಿಂದ ಇಳಿಯುತ್ತದೆ. ಎರಡೂ ಬಿ.ಸಿ.ರೋಡಿನಲ್ಲಿ ಕೂಡಿ, ತುಂಬೆ, ಫರಂಗಿಪೇಟೆ, ಪಡೀಲು ದಾಟಿ ಪಂಪ್‌ವೆಲ್ಲಿನ ಮಹಾವೀರ ವೃತ್ತವನ್ನು ಮುಟ್ಟುತ್ತವೆ. ಅಡಿಕೆ, ಬಾಳೆಗೊನೆ, ಕಾಳುಮೆಣಸು ಹೊತ್ತ ಹಳೆಯ ಪಿಕಪ್ಪುಗಳು ಈ ದಾರಿಯಲ್ಲಿ ಇಳಿದು, ಗೊಬ್ಬರ, ಪೈಪು, ಬಿಡಿಭಾಗಗಳನ್ನು ಹೇರಿಕೊಂಡು ಮರಳುತ್ತವೆ.

ಇದೇ ದಾರಿಯ ಮಗ್ಗುಲಲ್ಲಿ ನೇತ್ರಾವತಿಯೂ ಸಾಗುತ್ತಾಳೆ. ಕುದುರೆಮುಖ ಶ್ರೇಣಿಯಲ್ಲಿ ಹುಟ್ಟಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ತುಂಬೆಯ ಅಣೆಕಟ್ಟಿನಲ್ಲಿ ನಿಂತು ಮಂಗಳೂರಿನ ನಲ್ಲಿಗಳಿಗೆ ಕುಡಿಯುವ ನೀರಾಗುತ್ತಾಳೆ. ಘಟ್ಟದ ವಾಹನವೂ ಘಟ್ಟದ ನೀರೂ ಒಂದೇ ದಿಕ್ಕಿನಲ್ಲಿ ನಗರಕ್ಕೆ ಬರುತ್ತವೆ. ಹಳೆಯ ಪಿಕಪ್ಪನ್ನು ಮನೆಯಂಗಳದಲ್ಲಿಯೇ ದುರಸ್ತಿ ಮಾಡಿಕೊಳ್ಳುವವರ ವಿಷಯ ಪರಿಸರದ ವೇದಿಕೆಗೆ ಏಕೆ ಬಂತು ಎಂಬ ಪ್ರಶ್ನೆಗೆ ಇದೇ ಉತ್ತರ.

ಮಲೆನಾಡಿನಲ್ಲಿ ವಾಹನವನ್ನು ಮನೆಯಲ್ಲಿಯೇ ಬಿಚ್ಚಿ ಜೋಡಿಸುವ ರೂಢಿ ಜೀಪಿನ ಕಾಲದಿಂದ ಬಂದದ್ದು. 1986ರಲ್ಲಿ ಟಾಟಾ 407, 1988ರಲ್ಲಿ ಟಾಟಾಮೊಬೈಲ್, 2005ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದವು. ಮಹೀಂದ್ರದ ಪಿಕಪ್ಪುಗಳು ತೋಟದ ಮನೆಗಳ ಅಂಗಳವನ್ನು ಸೇರಿದವು. ಆದರೆ ಗ್ಯಾರೇಜು ಮಾತ್ರ ದೂರದ ಪೇಟೆಯಲ್ಲಿಯೇ ಉಳಿಯಿತು. 2018ರ ಮಳೆಗಾಲದಲ್ಲಿ ಶಿರಾಡಿ, 2019ರಲ್ಲಿ ಚಾರ್ಮಾಡಿ ಕುಸಿದು ಸಂಚಾರ ನಿಂತಾಗ, ಪಾನಾ ಹಿಡಿಯಲು ಬಲ್ಲವನ ಬೆಲೆ ಏನೆಂಬುದು ಹಳ್ಳಿಗಳಿಗೆ ಮತ್ತೊಮ್ಮೆ ತಿಳಿಯಿತು. ಆದ್ದರಿಂದ ಇದನ್ನು ಕೇವಲ ಹವ್ಯಾಸವೆಂದಾಗಲಿ, ಜಿಪುಣತನವೆಂದಾಗಲಿ ತಳ್ಳಿಹಾಕುವಂತಿಲ್ಲ. ಇದು ಘಟ್ಟದ ಬದುಕಿನ ಅಗತ್ಯ.

ಹಾಗಾದರೆ ಹಳೆಯ ವಾಹನವನ್ನು ಉಳಿಸಿಕೊಳ್ಳುವುದು ಪರಿಸರಕ್ಕೆ ಹಿತವೋ, ಗುಜರಿಗೆ ಹಾಕಿ ಹೊಸದನ್ನು ಕೊಳ್ಳುವುದು ಹಿತವೋ? ಘೋಷಣೆಯಿಂದ ಉತ್ತರ ಸಿಗದು, ಲೆಕ್ಕ ಹಾಕಬೇಕು.

ಒಂದು ಪಿಕಪ್ಪಿನಲ್ಲಿ ಒಂದು ಟನ್ನಿಗೂ ಮಿಕ್ಕಿ ಉಕ್ಕು ಮತ್ತು ಕಬ್ಬಿಣ ಇರುತ್ತದೆ. ಒಂದು ಟನ್ ಉಕ್ಕು ತಯಾರಾಗುವಾಗ ಜಗತ್ತಿನ ಸರಾಸರಿಯಂತೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಇನ್ನು ಒಂದು ಲೀಟರ್ ಡೀಸೆಲ್ ಉರಿದರೆ ಹೊರಬರುವುದು ಸುಮಾರು 2.7 ಕಿಲೋ. ಒಬ್ಬ ಕೃಷಿಕನ ಪಿಕಪ್ ವರ್ಷಕ್ಕೆ 5,000 ಕಿ.ಮೀ. ಓಡುತ್ತದೆ, ಲೀಟರಿಗೆ 10 ಕಿ.ಮೀ. ಕೊಡುತ್ತದೆ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 500 ಲೀಟರ್ ಡೀಸೆಲ್, ಸುಮಾರು 1,350 ಕಿಲೋ ಇಂಗಾಲದ ಡೈಆಕ್ಸೈಡ್. ಹೊಸ ವಾಹನವು ಐದರಲ್ಲಿ ಒಂದು ಪಾಲು ಇಂಧನ ಉಳಿಸಿದರೂ ವರ್ಷದ ಉಳಿತಾಯ 270 ಕಿಲೋ. ಹೊಸ ವಾಹನದ ಉಕ್ಕಿನ ಋಣವೊಂದೇ ತೀರಬೇಕಾದರೆ ಏಳು ವರ್ಷ ಬೇಕು. ಟಯರು, ಗಾಜು, ಪ್ಲಾಸ್ಟಿಕ್ಕಿನ ಋಣ ಬೇರೆ.

ಬಾಡಿಗೆಗೆ ವರ್ಷಕ್ಕೆ 40,000 ಕಿ.ಮೀ. ಓಡುವ ಪಿಕಪ್ಪಿಗೆ ಇದೇ ಲೆಕ್ಕ ಹಾಕಿದರೆ ಉತ್ತರ ತಿರುಗಿ ನಿಲ್ಲುತ್ತದೆ. ಅದು ಸುಡುವುದು 4,000 ಲೀಟರ್, ಉಳಿತಾಯ ವರ್ಷಕ್ಕೆ 2 ಟನ್ನಿಗೂ ಹೆಚ್ಚು. ಉಕ್ಕಿನ ಋಣ ಒಂದೇ ವರ್ಷದಲ್ಲಿ ತೀರುತ್ತದೆ. ಅಂದರೆ ತೋಟಕ್ಕೂ ಸಂತೆಗೂ ಓಡಾಡುವ ಹಳೆಯ ವಾಹನವನ್ನು ಜೋಪಾನ ಮಾಡುವುದು ವಿವೇಕ, ದಿನವಿಡೀ ಬಾಡಿಗೆಗೆ ಓಡುವ ಹಳೆಯ ವಾಹನವನ್ನು ಎಳೆದಾಡುವುದು ವಿವೇಕವಲ್ಲ.

ಇನ್ನೊಂದು ಲೆಕ್ಕ ಹೊಗೆಯದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿಯು 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಭಾರತ್ ಸ್ಟೇಜ್-3 ಮಾನದಂಡದಲ್ಲಿ ಭಾರದ ಪಿಕಪ್ಪುಗಳಿಗೆ ಕಿ.ಮೀ.ಗೆ 0.10 ಗ್ರಾಂ ಮಸಿಕಣದ ಮಿತಿಯಿತ್ತು. 2020ರ ಏಪ್ರಿಲ್ 1ರಿಂದ ಬಂದ ಸ್ಟೇಜ್-6ರಲ್ಲಿ ಆ ಮಿತಿ 0.0045 ಗ್ರಾಂ, ಅಂದರೆ ಇಪ್ಪತ್ತರಲ್ಲಿ ಒಂದಕ್ಕಿಂತಲೂ ಕಡಿಮೆ. ಹಳೆಯ ಎಂಜಿನ್ನನ್ನು ಎಷ್ಟು ಜೋಪಾನ ಮಾಡಿದರೂ ಅದು ಹೊಸದರಷ್ಟು ಶುದ್ಧವಾಗದು. ಆದರೆ ಅದನ್ನು ಅದರದೇ ಮಿತಿಯೊಳಗೆ ಇಡುವುದು ಮಾಲೀಕನ ಕೈಯಲ್ಲಿದೆ. ಕರಿ ಹೊಗೆ ಬಂದರೆ ಗಾಳಿ ಸಾಲದು ಅಥವಾ ಡೀಸೆಲ್ ಹೆಚ್ಚಾಗುತ್ತಿದೆ ಎಂದರ್ಥ. ಮೊದಲು ಏರ್ ಫಿಲ್ಟರ್, ಬಳಿಕ ಇಂಜೆಕ್ಟರ್ ನೋಡಿಸಬೇಕು. ನೀಲಿ ಹೊಗೆಯೆಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಒಳಗೆ ಸೋರುತ್ತಿರಬಹುದು. ಹೊಗೆ ತಪಾಸಣೆಯ ಚೀಟಿಯನ್ನು ಪೊಲೀಸರಿಗೆ ತೋರಿಸುವ ಕಾಗದವೆಂದು ಭಾವಿಸದೆ, ಎಂಜಿನ್ನಿನ ನಾಡಿ ಪರೀಕ್ಷೆಯೆಂದು ಓದಿಕೊಳ್ಳುವುದು ಒಳ್ಳೆಯದು.

ಈಗ ಅಂಗಳಕ್ಕೆ ಬರೋಣ. ಭಾನುವಾರದ ಬೆಳಗ್ಗೆ ಪಿಕಪ್ಪಿನ ಕೆಳಗೆ ತಟ್ಟೆಯಿಟ್ಟು ಆಯಿಲ್ ಇಳಿಸುವ ದೃಶ್ಯ ಯಾವ ಹಳ್ಳಿಗೂ ಹೊಸದಲ್ಲ. ಒಂದು ಸಲಕ್ಕೆ ಐದಾರು ಲೀಟರ್ ಕಪ್ಪು ಎಣ್ಣೆ ಇಳಿಯುತ್ತದೆ. ಅದು ಎಲ್ಲಿಗೆ ಹೋಗುತ್ತದೆ? ಸ್ವಲ್ಪ ಬೇಲಿಗೂಟಕ್ಕೆ, ಸ್ವಲ್ಪ ಗೆದ್ದಲು ಹತ್ತಿದ ಮರದ ಬುಡಕ್ಕೆ, ಮಿಕ್ಕದ್ದು ಗುಡ್ಡದ ಅಂಚಿಗೆ. ಇದನ್ನು ಉಪಯೋಗವೆಂದು ತಿಳಿದವರೇ ಬಹಳ. ಆದರೆ ಬಳಸಿದ ಎಣ್ಣೆಯಲ್ಲಿ ಎಂಜಿನ್ ಸವೆದ ಲೋಹಗಳಿರುತ್ತವೆ, ಸುಟ್ಟ ಇಂಧನದ ಕ್ಯಾನ್ಸರ್‌ಕಾರಕ ಅಂಶಗಳಿರುತ್ತವೆ. ಮಣ್ಣಿನ ಕಣಗಳಿಗೆ ಎಣ್ಣೆ ಪೊರೆಗಟ್ಟಿದರೆ ನೀರೂ ಗಾಳಿಯೂ ಒಳಗಿಳಿಯದೆ, ಬೇರಿನ ಸುತ್ತಲಿನ ಸೂಕ್ಷ್ಮಜೀವಿಗಳು ಸೊರಗುತ್ತವೆ. ಗೆದ್ದಲಿನ ಜೊತೆಗೆ ಮರದ ಬುಡವೂ ಸೋಲುತ್ತದೆ.

ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುತ್ತದೆ. ಇಲ್ಲಿಯ ಮುರಕಲ್ಲು ತೂತುತೂತಾದ ಕಲ್ಲು. ಮೇಲೆ ಬಿದ್ದ ನೀರನ್ನು ಬಹುಬೇಗ ಬಾವಿಗೆ ಇಳಿಸುವುದು ಅದರ ಗುಣ. ಬಾವಿಗೆ ನೀರು ತುಂಬಿಸುವ ಆ ಗುಣವೇ ಎಣ್ಣೆಗೂ ದಾರಿ ಬಿಡುತ್ತದೆ. ಒಂದು ವಾಹನದಿಂದ ಒಮ್ಮೆ ಇಳಿಸಿದ ಆಯಿಲ್ 10 ಲಕ್ಷ ಗ್ಯಾಲನ್, ಅಂದರೆ ಸುಮಾರು 38 ಲಕ್ಷ ಲೀಟರ್ ಸಿಹಿನೀರನ್ನು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸಿದೆ. ಘಟ್ಟದ ಪಶ್ಚಿಮಕ್ಕೆ ಚೆಲ್ಲಿದ್ದು ಮೊದಲು ಮನೆಯವರದೇ ಬಾವಿಗೆ, ಬಳಿಕ ಹಳ್ಳಕ್ಕೆ, ಕೊನೆಗೆ ತುಂಬೆಗೆ. ಮೂಡಿಗೆರೆಯ ಕಡೆ ಪೂರ್ವಕ್ಕೆ ಚೆಲ್ಲಿದ್ದು ಹೇಮಾವತಿಯ ಮೂಲಕ ಕಾವೇರಿಗೆ.

ಇದು ಹಳ್ಳಿಯವರ ಮೇಲಿನ ದೂರಲ್ಲ. ಪಂಪ್‌ವೆಲ್ಲಿನ ಮೇಲ್ಸೇತುವೆ 2020ರ ಜನವರಿ 31ರಂದು ಸಂಚಾರಕ್ಕೆ ತೆರೆಯಿತು. ಅದರ ಬಳಿಕವೂ ಜೋರು ಮಳೆಗೆ ಅದರ ಅಡಿಯಲ್ಲಿ ನೀರು ನಿಂತದ್ದನ್ನು ಮಂಗಳೂರಿಗರು ಕಂಡಿದ್ದಾರೆ. ರಸ್ತೆಯ ಮೇಲೆ ಸೋರಿದ ಡೀಸೆಲ್, ಗ್ರೀಸು, ಆಯಿಲ್ ಎಲ್ಲವೂ ಅಂಥ ನೀರಿನಲ್ಲಿ ಬಣ್ಣಬಣ್ಣದ ಪೊರೆಯಾಗಿ ತೇಲುತ್ತವೆ. ನಗರದ ತಪ್ಪು ಮೋರಿಯಲ್ಲಿ ಕಾಣುತ್ತದೆ, ಹಳ್ಳಿಯ ತಪ್ಪನ್ನು ಮಣ್ಣು ಮುಚ್ಚಿಕೊಳ್ಳುತ್ತದೆ. ಇಷ್ಟೇ ವ್ಯತ್ಯಾಸ.

ಪರಿಹಾರ ದೊಡ್ಡದೇನಲ್ಲ. ಒಂದು ಹಳ್ಳಿಯಲ್ಲಿ ಇಪ್ಪತ್ತು ಪಿಕಪ್ಪುಗಳಿದ್ದು, ವರ್ಷಕ್ಕೆ ಎರಡು ಸಲ ಆಯಿಲ್ ಬದಲಾಯಿಸಿದರೆ ಒಟ್ಟು ಸುಮಾರು 200 ಲೀಟರ್ ಆಗುತ್ತದೆ. ಅಂದರೆ ಇಡೀ ಹಳ್ಳಿಗೆ ಒಂದೇ ಒಂದು ಬ್ಯಾರೆಲ್ಲು. ಸಹಕಾರ ಸಂಘದ ಗೋದಾಮಿನ ಮೂಲೆಯಲ್ಲಿ, ಮಾಡಿನ ಕೆಳಗೆ, ಸಿಮೆಂಟು ನೆಲದ ಮೇಲೆ ಅದನ್ನಿಡಬಹುದು. ಕೂಲಂಟ್, ಸೀಮೆಎಣ್ಣೆ, ನೀರು ಅದಕ್ಕೆ ಸೇರಬಾರದು. ಬೆರಕೆಯಾದ ಎಣ್ಣೆಯನ್ನು ಶುದ್ಧೀಕರಿಸುವುದು ಕಷ್ಟ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಎಣ್ಣೆಯು ಅಧಿಕೃತ ಮರುಶುದ್ಧೀಕರಣ ಘಟಕಗಳಿಗೇ ಹೋಗಬೇಕು. ಅಂಥ ಘಟಕಗಳ ವಿವರವನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ಕೇಳಿ ಪಡೆಯುವುದು ನಾಗರಿಕರ ಹಕ್ಕು. ಹಳೆಯ ಬ್ಯಾಟರಿಯ ಆಮ್ಲವನ್ನು ಚೆಲ್ಲದೆ, ಹೊಸದನ್ನು ಕೊಳ್ಳುವ ಅಂಗಡಿಗೇ ಇಡಿಯಾಗಿ ಹಿಂತಿರುಗಿಸಬೇಕು. ಕೂಲಂಟಿನಲ್ಲಿರುವ ಎಥಿಲಿನ್ ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ಬೋಗುಣಿಯಲ್ಲಿ ಬಿಟ್ಟರೆ ನಾಯಿ, ಕರು ನೆಕ್ಕಿ ಸಾಯಬಹುದು. ಹಳೆಯ ಬ್ರೇಕ್ ಲೈನಿಂಗಿನ ಧೂಳಿನಲ್ಲಿ ಕಲ್ನಾರು ಇರಬಹುದಾದ್ದರಿಂದ ಅದನ್ನು ಊದದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

ಮುಂದಿನದು ತುಕ್ಕು. ಬೋರ್ಡೋ ದ್ರಾವಣ ಹದವಾಗಿದೆಯೇ ಎಂದು ಅಡಿಕೆ ಬೆಳೆಗಾರ ಕತ್ತಿಯನ್ನು ಅದ್ದಿ ನೋಡುತ್ತಾನೆ. ಸುಣ್ಣ ಕಡಿಮೆಯಾಗಿದ್ದರೆ ಕತ್ತಿಯ ಮೇಲೆ ತಾಮ್ರದ ಕೆಂಪು ಹತ್ತುತ್ತದೆ. ಅಂದರೆ ಮೈಲುತುತ್ತು ಕಬ್ಬಿಣವನ್ನು ಕರಗಿಸಿ ತಾನು ಕುಳಿತಿದೆ. ಅದೇ ಮೈಲುತುತ್ತಿನ ಚೀಲ ಒಡೆದು ಪಿಕಪ್ಪಿನ ತೊಟ್ಟಿಯಲ್ಲಿ ಚೆಲ್ಲಿದಾಗ ಅಲ್ಲಿಯೂ ಕತ್ತಿಯ ಕಥೆಯೇ ನಡೆಯುತ್ತದೆ. ಪೊಟ್ಯಾಷ್ ಗೊಬ್ಬರದ ಕ್ಲೋರೈಡೂ ಹಾಗೆಯೇ ಕಬ್ಬಿಣವನ್ನು ತಿನ್ನುತ್ತದೆ. ಇವುಗಳನ್ನು ಸಾಗಿಸಿದ ದಿನವೇ ತೊಟ್ಟಿಯನ್ನು ಗುಡಿಸಿ, ಹಳ್ಳದಿಂದ ದೂರ ತೊಳೆದು ಒಣಗಿಸಿದರೆ ಚಾಸಿಯ ಆಯುಷ್ಯ ಹೆಚ್ಚುತ್ತದೆ. ಸ್ಪ್ರಿಂಗ್ ಪ್ಲೇಟುಗಳು ಚಾಸಿಗೆ ಕೂಡುವ ಜಾಗವನ್ನು ಪ್ರತಿ ಮಳೆಗಾಲದ ಮೊದಲು ಸುತ್ತಿಗೆಯಿಂದ ತಟ್ಟಿ ನೋಡಬೇಕು. ಕಬ್ಬಿಣದ ದನಿ ಮಂದವಾಗಿದ್ದರೆ, ಹಕ್ಕಳೆ ಏಳುತ್ತಿದ್ದರೆ ಅದು ಬಣ್ಣ ಬಳಿದು ಮುಚ್ಚುವ ಗಾಯವಲ್ಲ.

ಬ್ರೇಕ್ ಆಯಿಲಿನ ಮಾತನ್ನು ಬೇರೆಯಾಗಿಯೇ ಹೇಳಬೇಕು. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್-3 ದ್ರವ ಹೊಸದಿದ್ದಾಗ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದಿರಬೇಕೆಂಬುದು ಮಾನದಂಡ. ತೇವ ಹೀರಿದ ಮೇಲೆ ಅದು 140 ಡಿಗ್ರಿಗೆ ಇಳಿಯುತ್ತದೆ. ಲೋಡು ಹೊತ್ತು ಘಟ್ಟ ಇಳಿಯುವಾಗ ಬ್ರೇಕಿನ ಮೇಲೆಯೇ ಕಾಲಿಟ್ಟರೆ ದ್ರವ ಕುದಿದು, ಪೆಡಲ್ ಒತ್ತಿದಷ್ಟೂ ಒಳಗೆ ಹೋಗುತ್ತದೆ. ಮಲೆನಾಡಿನ ತೇವದಲ್ಲಿ ಎರಡು ವರ್ಷಕ್ಕೊಮ್ಮೆ ಅದನ್ನು ಪೂರ್ತಿ ಬದಲಾಯಿಸುವುದು ಜೀವ ಉಳಿಸುವ ಕೆಲಸ. ಕೈಪಳಗಿದವರಲ್ಲದೆ ಬೇರೆಯವರು ಬ್ರೇಕ್ ಮತ್ತು ಸ್ಟಿಯರಿಂಗಿಗೆ ಕೈಹಾಕಬಾರದು. ಬರೇ ಜಾಕಿನ ಮೇಲೆ ನಿಂತ ವಾಹನದ ಕೆಳಗೆ ಯಾರೂ ನುಸುಳಬಾರದು. ಚಕ್ರಕ್ಕೆ ಅಡ್ಡಕಲ್ಲು, ಚಾಸಿಗೆ ಗಟ್ಟಿ ಸ್ಟ್ಯಾಂಡು ಇರಲೇಬೇಕು.

ಇನ್ನು ಹಳೆಯದನ್ನು ಉತ್ತಮಗೊಳಿಸುವ ಉತ್ಸಾಹ. ಅಗಲದ ಟಯರು, ಹೆಚ್ಚುವರಿ ಸ್ಪ್ರಿಂಗ್ ಪ್ಲೇಟು, ಮುಂದೆ ಕಬ್ಬಿಣದ ಗಾರ್ಡು, ಕಣ್ಣು ಕುಕ್ಕುವ ದೀಪ, ಕಾಡನ್ನೇ ನಡುಗಿಸುವ ಹಾರ್ನು. ಇವು ವಾಹನವನ್ನು ದೊಡ್ಡದು ಮಾಡಿ ತೋರಿಸುತ್ತವೆಯೇ ಹೊರತು ಒಳ್ಳೆಯದು ಮಾಡುವುದಿಲ್ಲ. ಪ್ಲೇಟು ಹೆಚ್ಚಿಸಿದರೆ ಲೋಡು ಹೆಚ್ಚುತ್ತದೆ, ಆದರೆ ಬ್ರೇಕು ಹಿಂದಿನದೇ. ಮಂಜು ಕವಿದ ತಿರುವಿನಲ್ಲಿ ಪ್ರಖರ ದೀಪವು ಎದುರಿನವನನ್ನು ಕುರುಡನನ್ನಾಗಿಸುತ್ತದೆ. ಮೋಟಾರು ವಾಹನ ಕಾಯಿದೆಯ 52ನೆಯ ಸೆಕ್ಷನ್ ಕೂಡ ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆಯನ್ನು ಒಪ್ಪುವುದಿಲ್ಲ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿತು. ಮುಂಭಾಗದ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿಯೇ ರಾಜ್ಯಗಳಿಗೆ ಬರೆದಿತ್ತು. ನಿಜವಾದ ಸುಧಾರಣೆ ಕಣ್ಣಿಗೆ ಕಾಣುವಂಥದ್ದಲ್ಲ. ಹೊಸ ಬ್ರೇಕ್ ಲೈನಿಂಗು, ಸರಿಯಾದ ಅಳತೆಯ ಒಳ್ಳೆಯ ಟಯರು, ಸೀಟ್ ಬೆಲ್ಟು, ಕೆಡದ ವಯರಿಂಗು, ಹಿಂಬದಿಗೆ ಹೊಳೆಯುವ ಪಟ್ಟಿ, ತುಕ್ಕು ತಡೆಯುವ ಲೇಪ. ಇವಿಷ್ಟು ಸಾಕು.

15 ವರ್ಷ ದಾಟಿದ ವಾಹನವೆಲ್ಲ ಗುಜರಿಗೆ ಹೋಗಲೇಬೇಕೆಂಬ ಭಯ ಹಲವರಲ್ಲಿದೆ. 2021ರಲ್ಲಿ ಪ್ರಕಟವಾದ ಗುಜರಿ ನೀತಿಯು ಖಾಸಗಿಯವರ ವಾಹನಗಳನ್ನು ಅಳೆಯುವುದು ಮುಖ್ಯವಾಗಿ ಸುಸ್ಥಿತಿಯಿಂದ, ಬರೇ ವಯಸ್ಸಿನಿಂದಲ್ಲ. ಸರಕು ಸಾಗಿಸುವ ಪಿಕಪ್ಪಿಗೆ ಎಂಟು ವರ್ಷಗಳ ಬಳಿಕ ಪ್ರತಿವರ್ಷ ಎಫ್.ಸಿ. ಆಗಬೇಕು. ಶುಲ್ಕ ಏರಿರುವುದು ನಿಜ. ಆದರೆ ವರ್ಷಪೂರ್ತಿ ಜೋಪಾನ ಮಾಡಿದವನಿಗೆ ಪರೀಕ್ಷೆಯ ದಿನ ಅಂಜಿಕೆಯಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಕೆಲಸ. ಊರಿಗೆ ಮರಳಿದ ಮೇಲೆ ತಮ್ಮ ಗ್ರಾಮದಲ್ಲಿ ಎಷ್ಟು ವಾಹನಗಳಿವೆ, ವರ್ಷಕ್ಕೆ ಎಷ್ಟು ಲೀಟರ್ ಎಣ್ಣೆ ಇಳಿಯುತ್ತದೆ, ಅದು ಎಲ್ಲಿಗೆ ಹೋಗುತ್ತದೆ ಎಂದು ಮನೆಮನೆಗೆ ಹೋಗಿ ಬರೆದುಕೊಳ್ಳಿ. ಆ ಪಟ್ಟಿಯನ್ನು ಮುಂದಿನ ಗ್ರಾಮಸಭೆಯಲ್ಲಿ ಓದಿ. ಬ್ಯಾರೆಲ್ಲು ಬೇಕೆಂದು ಯಾರೂ ಭಾಷಣ ಮಾಡಬೇಕಾಗಿಲ್ಲ, ಅಂಕಿಗಳೇ ಕೇಳುತ್ತವೆ. ಬಿಡಿಭಾಗ ಕೊಳ್ಳಲು ಪಂಪ್‌ವೆಲ್ಲಿಗೆ ಇಳಿಯುವ ಹಿರಿಯರು ದಾರಿಯಲ್ಲಿ ತುಂಬೆಯ ಬಳಿ ಒಂದು ಕ್ಷಣ ನದಿಯತ್ತ ನೋಡಲಿ. ಆ ನೀರು ತಮ್ಮ ಅಂಗಳದಿಂದಲೇ ಹೊರಟದ್ದು ಎಂಬ ನೆನಪಿದ್ದವನ ಕೈಯಲ್ಲಿ ಹಳೆಯ ಪಿಕಪ್ ಇನ್ನಷ್ಟು ಕಾಲ ಓಡಲಿ.