1868: ಮಗ್ದಲ, ಮೈಸೂರು, ಇಬ್ಬರು ಹುಡುಗರು



ಬೆಂಗಳೂರಿನ ಹಲಸೂರು ಕೆರೆಯ ಮಗ್ಗುಲಲ್ಲಿರುವ ಮದ್ರಾಸ್ ಎಂಜಿನಿಯರ್ ಗ್ರೂಪ್, ನಮ್ಮ ಬಾಯಲ್ಲಿ ಎಂಇಜಿ. 1780ರಲ್ಲಿ ಮದ್ರಾಸಿನಲ್ಲಿ ಹುಟ್ಟಿದ ಈ ಪಡೆಯ ಯುದ್ಧಗೌರವಗಳಲ್ಲಿ ‘ಅಬಿಸೀನಿಯಾ’ ಎಂಬುದೂ ಒಂದು. ಅಂದರೆ ಇಂದಿನ ಇಥಿಯೋಪಿಯ. ಆ ದೇಶದ 1868ನ್ನೂ ಮೈಸೂರು ಸೀಮೆಯ 1868ನ್ನೂ ಪಕ್ಕಪಕ್ಕ ಇಟ್ಟು ಓದೋಣ ಎಂಬುದು ನನ್ನ ಆಸೆ. ನಮ್ಮ ಚರಿತ್ರೆ ಪುಸ್ತಕಗಳು ಎರಡನ್ನೂ ಬೇರೆ ಬೇರೆ ಕಪಾಟಿನಲ್ಲಿಟ್ಟಿವೆ.

1855ರಲ್ಲಿ ಅಬಿಸೀನಿಯಾದ ಚಕ್ರವರ್ತಿಯಾಗಿ ಕಿರೀಟ ತೊಟ್ಟ ಎರಡನೇ ತೆವೊಡ್ರೊಸ್, ಪ್ರಾಂತ್ಯಗಳ ಒಡೆಯರನ್ನು ಬಗ್ಗಿಸಿ ನಾಡನ್ನು ಒಂದು ಮಾಡಲು ಹೊರಟವನು. 1862ರಲ್ಲಿ ವಿಕ್ಟೋರಿಯಾ ರಾಣಿಗೆ ಕಾಗದ ಬರೆದ. ಉತ್ತರ ಬರಲಿಲ್ಲ. 1864ರಲ್ಲಿ ಬ್ರಿಟಿಷ್ ಕಾನ್ಸಲ್ ಕ್ಯಾಮರೂನನಿಗೆ ಕೋಳ ತೊಡಿಸಿದ. ಅವನನ್ನು ಬಿಡಿಸಿಕೊಂಡು ಬರಲು ಹೋದ ಬ್ರಿಟಿಷ್ ದೂತ ರಸ್ಸಾಂ ಕೂಡ ಸೆರೆಯಾದ. ತೆವೊಡ್ರೊಸನನ್ನು ಬರೀ ಹುಚ್ಚನೆಂದ ಇಂಗ್ಲಿಷ್ ಬರವಣಿಗೆಯನ್ನು ನಾನು ನಂಬುವುದಿಲ್ಲ. ಹಾಗೆಂದು ಅವನಿಗೆ ಹಾರ ಹಾಕಲೂ ಕೈ ಬಾರದು: ಕೊನೆಯ ದಿನಗಳಲ್ಲಿ ನೂರಾರು ಸ್ವದೇಶಿ ಕೈದಿಗಳನ್ನು ಬೆಟ್ಟದಿಂದ ತಳ್ಳಿಸಿದವನು ಅವನೇ.

ಸೆರೆಯಾದವರನ್ನು ಬಿಡಿಸಲು ಬ್ರಿಟಿಷರ ದಂಡು ಹೊರಟಿದ್ದು ಲಂಡನ್ನಿನಿಂದಲ್ಲ, ಭಾರತದಿಂದ. ದಂಡನಾಯಕ ರಾಬರ್ಟ್ ನೇಪಿಯರ್ ಬಾಂಬೆ ಸೈನ್ಯದ ಮುಖ್ಯಸ್ಥ, ಮೂಲತಃ ಎಂಜಿನಿಯರ್. 13,000 ಸೈನಿಕರು, ಅದರ ಎರಡರಷ್ಟು ಕೂಲಿ-ಪರಿಚಾರಕರು, ಹೇಸರಗತ್ತೆ, ಒಂಟೆ, ಎತ್ತು ಸೇರಿ 40,000ದ ಆಸುಪಾಸು ಪ್ರಾಣಿಗಳು, ಫಿರಂಗಿ ಹೊರಲು 44 ಆನೆ. ಜೂಲಾ ಎಂಬ ಬರಡು ಕರಾವಳಿಯಲ್ಲಿ ಇಳಿದಾಗ ಕುಡಿಯಲು ನೀರಿರಲಿಲ್ಲ. ಹಡಗುಗಳು ಕಡಲ ನೀರನ್ನು ಬಟ್ಟಿ ಇಳಿಸಿ ಕೊಟ್ಟವು. ಹಡಗುಕಟ್ಟೆ ಕಟ್ಟಿದರು, ರೈಲು ಹಳಿ ಹಾಸಿದರು, ಸುರು ಕಣಿವೆಯ ಬಂಡೆ ಒಡೆದು ಸೆನಾಫೆಗೆ ದಾರಿ ಮಾಡಿದರು. ಅಲ್ಲಿಂದ ಮುಂದೆಯೂ ಬೆಟ್ಟದ ಮೇಲೆ ಬೆಟ್ಟ. ಜೂಲಾದಿಂದ ತೆವೊಡ್ರೊಸನ ಮಗ್ದಲದ ಕೋಟೆಗೆ ಒಟ್ಟು ಸುಮಾರು 400 ಮೈಲಿ. ಹೀಗೆ ದುಡಿದ ಎಂಜಿನಿಯರ್ ಪಡೆಯ ಸೈನಿಕರಲ್ಲಿ, ಅಂದರೆ ಸ್ಯಾಪರ್‌ಗಳಲ್ಲಿ ಇಂದಿನ ಎಂಇಜಿಯ ಹಿಂದಿನವರಾದ ಮದ್ರಾಸಿನ ಮೂರು ಕಂಪನಿಗಳಿದ್ದವು, ಜೊತೆಗೆ ಪ್ರೆಂಡರ್‌ಗಾಸ್ಟ್ ಎಂಬ ಅಧಿಕಾರಿ. ಹಾದಿಯ ಸಂತೆಗಳಲ್ಲಿ ಮುಖ್ಯವಾಗಿ ನಡೆಯುತ್ತಿದ್ದುದು ಆಸ್ಟ್ರಿಯಾದ ಮಾರಿಯಾ ತೆರೇಸಾ ಬೆಳ್ಳಿ ನಾಣ್ಯ. ಅದರ ಮೇಲಿನ ಇಸವಿಯೂ ಎಂಇಜಿ ಹುಟ್ಟಿದ 1780!

ಕಾದಾಟದ ಬಗ್ಗೆ ಹೇಳಲು ಹೆಚ್ಚಿಲ್ಲ. ಏಪ್ರಿಲ್ 10ರಂದು ಅರೊಗೆಯಲ್ಲಿ ಹೊಸ ರೈಫಲ್ಲುಗಳ ಎದುರು ಸುಮಾರು 700 ಅಬಿಸೀನಿಯರು ಸತ್ತರು, ಬ್ರಿಟಿಷರ ಕಡೆ ಇಬ್ಬರು. 13ರಂದು ಮಗ್ದಲದ ಬಾಗಿಲಿಗೆ ಹೋದಾಗ ಎಂಜಿನಿಯರ್ ತುಕಡಿ ಮದ್ದಿನ ಪೀಪಾಯಿ, ಏಣಿ ಎರಡನ್ನೂ ಮರೆತು ಬಂದಿತ್ತು. ಕಾಲಾಳುಗಳೇ ಗೋಡೆ ಹತ್ತಿದರು. ತೆವೊಡ್ರೊಸ್, ವಿಕ್ಟೋರಿಯಾ ರಾಣಿ ಕಳಿಸಿದ್ದ ಉಡುಗೊರೆಯ ಪಿಸ್ತೂಲಿನಿಂದಲೇ ಗುಂಡು ಹೊಡೆದುಕೊಂಡ. ಲೂಟಿ ಸಾಗಿಸಲು 15 ಆನೆ ಬೇಕಾದವು. ದಂಡಿಗೆ ಹಾದಿ ಬಿಟ್ಟುಕೊಟ್ಟ ತಿಗ್ರೆ ಪ್ರಾಂತ್ಯದ ಒಡೆಯ ಕಾಸ್ಸನಿಗೆ ತುಪಾಕಿ, ಫಿರಂಗಿ ಸಿಕ್ಕವು. ನಾಲ್ಕು ವರ್ಷದೊಳಗೆ ಅವನು ನಾಲ್ಕನೇ ಯೊಹಾನ್ನಿಸ್ ಎಂಬ ಹೆಸರಿನಲ್ಲಿ ಚಕ್ರವರ್ತಿಯಾದ.

ಈ ದಂಡು ಮಗ್ದಲದತ್ತ ಹತ್ತುತ್ತಿದ್ದಾಗಲೇ, ಮಾರ್ಚ್ 27ರಂದು, ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತೀರಿಕೊಂಡರು. 1831ರಲ್ಲೇ ಇಂಗ್ಲಿಷರಿಗೆ ಆಳ್ವಿಕೆ ಕಳೆದುಕೊಂಡು, ಅದನ್ನು ಮರಳಿ ಪಡೆಯಲು ಮನವಿಯ ಮೇಲೆ ಮನವಿ ಬರೆದವರು. ಸೀಮೆಯ ಆಡಳಿತ ಬ್ರಿಟಿಷ್ ಕಮಿಷನರ್ ಬೌರಿಂಗ್ ಕೈಯಲ್ಲಿತ್ತು. ಶಿವಾಜಿನಗರದ ಆಸ್ಪತ್ರೆಗೆ ಹೆಸರು ಕೊಟ್ಟ ಅದೇ ಬೌರಿಂಗ್. ದತ್ತುಮಗ ಚಾಮರಾಜೇಂದ್ರನಿಗೆ ಐದು ವರ್ಷ. ಸೆಪ್ಟೆಂಬರ್ 23ರಂದು ಪಟ್ಟವಾಯಿತು. ತೆವೊಡ್ರೊಸನ ಮಗ ಅಲೆಮಾಯೆಹುವಿಗೆ ಏಳು ವರ್ಷ. ಅವನನ್ನು ಹಡಗು ಹತ್ತಿಸಿ ಇಂಗ್ಲೆಂಡಿಗೆ ಒಯ್ದರು. ತಾಯಿ ದಾರಿಯಲ್ಲೇ ಸತ್ತಳು. ಅವನು 1879ರಲ್ಲಿ, ಹದಿನೆಂಟು ವರ್ಷಕ್ಕೆ ತೀರಿಕೊಂಡ. ಮಣ್ಣಾದದ್ದು ವಿಂಡ್ಸರಿನಲ್ಲಿ. ಅಸ್ಥಿ ಹಿಂತಿರುಗಿಸಿ ಎಂದರೆ 2023ರಲ್ಲೂ ಬ್ರಿಟನ್ನಿನ ಅರಮನೆ ಒಪ್ಪಲಿಲ್ಲ.

ಒಬ್ಬನಿಗೆ ಪಟ್ಟ, ಇನ್ನೊಬ್ಬನಿಗೆ ಪರದೇಶ. ಇದನ್ನು ವಿಧಿ ಎನ್ನಲು ನಾನು ತಯಾರಿಲ್ಲ. ದತ್ತಕವನ್ನು ಮಾನ್ಯ ಮಾಡಿ ಮೈಸೂರನ್ನು ರಾಜಮನೆತನಕ್ಕೆ ಉಳಿಸುವ 1867ರ ತೀರ್ಮಾನಕ್ಕೂ, ಅಬಿಸೀನಿಯಾದ ಖರ್ಚಿನ ನಿರ್ಣಯವನ್ನು ಅದೇ ವರ್ಷ ಸಂಸತ್ತಿನಲ್ಲಿ ಮಂಡಿಸುವುದಕ್ಕೂ ಕೈ ಒಂದೇ: ಭಾರತ ಮಂತ್ರಿ ಸ್ಟಾಫರ್ಡ್ ನಾರ್ತ್‌ಕೋಟ್. ಮೈಸೂರನ್ನು ಉಳಿಸಿಕೊಂಡರೆ ಲಾಭವಿತ್ತು. ಮಗ್ದಲವನ್ನು ಇಟ್ಟುಕೊಳ್ಳುವುದರಲ್ಲಿ ಇರಲಿಲ್ಲ, ಆದ್ದರಿಂದ ಸುಟ್ಟು ಹೊರಟರು. ಆ ದಂಡಿನಲ್ಲಿದ್ದ ಪ್ರೆಂಡರ್‌ಗಾಸ್ಟ್ 1885ರಲ್ಲಿ ಬರ್ಮಾದ ಥೀಬಾ ದೊರೆಯನ್ನು ಸೆರೆ ಹಿಡಿದು, ಆಮೇಲೆ ಚಾಮರಾಜೇಂದ್ರರ ಕಾಲದಲ್ಲೇ ಕೆಲಕಾಲ ಮೈಸೂರಿನ ರೆಸಿಡೆಂಟನಾಗಿ ಬೆಂಗಳೂರಿಗೆ ಬಂದ.

ಇನ್ನು ಲೆಕ್ಕ. ಯುದ್ಧಕ್ಕೆ ಸುಮಾರು 90 ಲಕ್ಷ ಪೌಂಡ್ ಆಯಿತು. ಹೆಚ್ಚುವರಿ ವೆಚ್ಚ ಬ್ರಿಟನ್ನಿನದು. ಪಡೆಗಳ ಮಾಮೂಲಿ ಸಂಬಳ ಮಾತ್ರ ಭಾರತದ ಬೊಕ್ಕಸದ್ದು ಎಂದು ನಾರ್ತ್‌ಕೋಟ್ ನಿರ್ಣಯ. ಇದು ಅನ್ಯಾಯವೆಂದು ದಾದಾಭಾಯಿ ನವರೋಜಿ ವಾದಿಸಿದರು. ಮೈಸೂರು ಸೀಮೆಯಂತೂ 1799ರ ಒಪ್ಪಂದದಂತೆ ಇಂಗ್ಲಿಷರ ಸೈನ್ಯದ ಪೋಷಣೆಗೆಂದು ವರ್ಷಕ್ಕೆ 24.5 ಲಕ್ಷ ರೂಪಾಯಿ ಬೇರೆ ಕಟ್ಟುತ್ತಿತ್ತು. ರಾಜ ಸತ್ತ ವರ್ಷವೂ ಅದರಲ್ಲಿ ರಿಯಾಯಿತಿ ಇರಲಿಲ್ಲ.